ಅತ್ತೆಯ ತುಟಿ ತೋರಿಸಿದ ತೀರ

ಲಾದೋನ ಪಾಡು ಶುರುವಾದದ್ದು ಅವನ ಅತ್ತೆಯ ತುಟಿಯಿಂದ. ಆ ತುಟಿ ಒಂದೇ ಒಂದು ಮಾತನ್ನೂ ಆಡಿರಲಿಲ್ಲ.

ಅಂದು ಶುಭ ಶುಕ್ರವಾರ. ಯೇಸುಸ್ವಾಮಿ ಪ್ರಾಣ ಬಿಟ್ಟ ಆ ದಿನ ನಮ್ಮ ದ್ವೀಪದಲ್ಲಿ ಯಾರೂ ಸುತ್ತಿಗೆ ಎತ್ತುವುದಿಲ್ಲ, ಮಾಂಸ ಮುಟ್ಟುವುದಿಲ್ಲ. ಗಟ್ಟಿಯಾಗಿ ನಕ್ಕ ಮಕ್ಕಳ ಕಿವಿ ಸುಮ್ಮನೆ ಉಳಿಯುವುದಿಲ್ಲ. ಲಾದೋನ ಅತ್ತೆ ಲೋಲಾ ಸಿಯೋನ್, ಅಂದರೆ ಊರಿಗೆಲ್ಲ ಸಿಯೋನಜ್ಜಿ, ಇದೆಲ್ಲದರ ಮೇಲೆ ಮೌನವ್ರತವನ್ನೂ ಹಿಡಿಯುತ್ತಿದ್ದಳು. ಶನಿವಾರ ರಾತ್ರಿ ಚರ್ಚಿನ ಗಂಟೆ ಮತ್ತೆ ಬಾರಿಸುವ ತನಕ ಆಕೆಯ ಬಾಯಿಂದ ಒಂದಕ್ಷರ ಹೊರಡದು. ಎಪ್ಪತ್ತೆರಡು ವರ್ಷದ ಆ ಮುದುಕಿ ವರ್ಷದ ಉಳಿದ ದಿನಗಳಲ್ಲಿ ಆಡುವ ಮಾತು ಕೇಳಿ ಸುಸ್ತಾದ ಮನೆಯವರು ಈ ವ್ರತಕ್ಕಾಗಿ ಬೆರಳೆಣಿಸುತ್ತ ಕಾಯುತ್ತಿದ್ದರು. ವ್ರತ ಬಂದ ಮೇಲೆ ಮಾತ್ರ ಎಲ್ಲರಿಗೂ ಒಂದು ಬಗೆಯ ಹೆದರಿಕೆ ಹಿಡಿಯುತ್ತಿತ್ತು. ಬೈಸಿಕೊಂಡರೆ ತಪ್ಪು ಏನೆಂದು ತಿಳಿಯುತ್ತದೆ, ಆಕೆ ಸುಮ್ಮನೆ ನೋಡಿದರೆ ಹುಟ್ಟಿದಾಗಿನಿಂದ ಮಾಡಿದ ತಪ್ಪೆಲ್ಲ ನೆನಪಾಗುತ್ತದೆ.

ಸಂಜೆ ಅಡುಗೆಮನೆಯಲ್ಲಿ ಜಗಳ ಹತ್ತಿತ್ತು. ವರ್ಷಕ್ಕೊಮ್ಮೆ, ಉಪವಾಸ ಮುಗಿದ ಮೇಲೆ, ಆ ಮನೆಯ ಇಪ್ಪತ್ತೇಳು ಜನ ಅನ್ನದ ಹಂಡೆ, ಸುಟ್ಟ ಹಂದಿ, ಚಾಪೆ, ಕೂಸುಗಳನ್ನೆಲ್ಲ ಕಟ್ಟಿಕೊಂಡು ಕಡಲೂಟಕ್ಕೆ ಹೋಗುವುದು ವಾಡಿಕೆ. ಈ ವರ್ಷ ಯಾವ ತೀರಕ್ಕೆ ಎಂಬುದೇ ಜಗಳ.

"ಕಬಾಲಾಸ್‌ಗೇ ಹೋಗ್ಬೇಕು," ಎಂದ ದೊಡ್ಡ ಅಳಿಯ ಗೋರಿಯೋ. ಜಗಳವಾಡಿದರೂ ಶುಕ್ರವಾರದ ಮರ್ಯಾದೆಗೆ ಪಿಸುಗುಟ್ಟಿಯೇ ಆಡುತ್ತಿದ್ದ. "ಅಲ್ಲಿ ಮರಳು ನೋಡಿದೀರಾ? ಜರಡಿ ಹಿಡಿದ ಅಕ್ಕಿಹಿಟ್ಟು! ಪಟ್ಟಣದೋರು ಹಡಗು ಹತ್ತಿ ಬರ್ತಾರೆ ಅದನ್ನ ನೋಡೋಕೆ."

"ಪಟ್ಟಣದೋರ ತಲೆ ಮೇಲೆ ಟೋಪಿ ಇರುತ್ತೆ. ನನ್ನ ಮಕ್ಕಳ ತಲೆ ಮೇಲೆ ಏನಿದೆ?" ಎಂದಳು ಅವನ ಹೆಂಡತಿ ಚೋಲೆಂಗ್. "ಒಂದು ಗಿಡ ಇಲ್ಲ ಅಲ್ಲಿ. ಹೋದ ವರ್ಷ ನಾವು ಒಣಮೀನಾಗಿ ಬಂದ್ವಿ. ತಲಿಸಾಯ್‌ಗೆ ಹೋಗೋಣ. ಮರಳು ಕಪ್ಪಾದ್ರೇನು, ದಡದುದ್ದಕ್ಕೂ ಬಾದಾಮಿ ಮರ, ತಂಪು ನೆರಳು."

"ಬಾಲುದ್ ಅಂತ ಒಂದಿದೆ, ಯಾರಿಗಾದ್ರೂ ನೆನಪಿದೆಯಾ?" ಎಂದು ಕಿರಿಯ ಮಗಳು, ಲಾದೋನ ಹೆಂಡತಿ ಸಿತಾಂಗ್ ಅಂದು, ಒಲೆಯ ಕಡೆ ಮುಖ ತಿರುಗಿಸಿದಳು. ಬಂಡೆಗಳ ನಡುವೆ ಸೂರ್ಯ ಮುಳುಗುವ ಆ ತೀರದಲ್ಲೇ ಲಾದೋ ಮೊದಲು ಅವಳೊಡನೆ ಮಾತಾಡಿದ್ದು. ಮಾತಾಡಿದ್ದು ಅಂದರೆ, ಏಡಿ ಕಚ್ಚಿ ಅವನು ಕಿರುಚಿದ್ದ, ಇವಳು ಏನಾಯಿತೆಂದು ಕೇಳಿದ್ದಳು.

ಆ ಏಡಿಯಿಂದ ಕಚ್ಚಿಸಿಕೊಂಡ ಲಾದೋ ಈಗ ಬಾಗಿಲಿಗೆ ಒರಗಿ ನಿಂತು ಬೇರೆಯೇ ಲೆಕ್ಕ ಹಾಕುತ್ತಿದ್ದ. ಅವನ ಕಣ್ಣು ನಟ್ಟದ್ದು ಒಳಕೋಣೆಯಲ್ಲಿ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತ ಅತ್ತೆಯ ಕೊರಳಿನ ಮೇಲೆ. ಅಲ್ಲಿ ಒಂದು ಶಿಲುಬೆ, ಅದರ ಪಕ್ಕದಲ್ಲಿ ಒಂದು ಕೀಲಿಕೈ.

ಅದು ಮೂರುಗಾಲಿಯ ಕೀಲಿಕೈ. ಮೋಟಾರ್ ಸೈಕಲ್ಲಿನ ಮಗ್ಗುಲಿಗೆ ತಗಡಿನ ತೊಟ್ಟಿಲು ಬೆಸೆದ ಆ ಗಾಡಿಯನ್ನು ಮಾವ ಬದುಕಿರುವ ತನಕ ಓಡಿಸಿದ್ದ. ಅವನು ತೀರಿಕೊಂಡು ಎರಡು ವರ್ಷ, ಗಾಡಿ ಗೋಣಿ ಹೊದ್ದು ನಿಂತಿತ್ತು. ಗಂಡುಮಕ್ಕಳಿಲ್ಲದ ಲೋಲಾ ಒಂದು ಸಲ ಇಬ್ಬರು ಅಳಿಯಂದಿರನ್ನೂ ನಿಲ್ಲಿಸಿಕೊಂಡು ಹೇಳಿದ್ದಳು: "ಹೇಳಿದ ಕಡೆ ನಿಂತಿರೋನಿಗೆ, ಒಂದೇ ಸಲಕ್ಕೆ ಅರ್ಥ ಮಾಡ್ಕೊಳ್ಳೋನಿಗೆ ಈ ಕೀಲಿ." ಬೇರೆಯವರ ತೋಟದಲ್ಲಿ ತೆಂಗಿನಕಾಯಿ ಸುಲಿದು ಸುಲಿದು ಅಂಗೈ ಕೊರಡಾಗಿದ್ದ ಲಾದೋ, ಆ ಗಾಡಿಯಲ್ಲಿ ಬಂದರಿನಿಂದ ಸಂತೆಗೆ ಜನ ತುಂಬಿಕೊಂಡು ಹೋಗುವ ಕನಸನ್ನು ದಿನಕ್ಕೆ ಮೂರು ಸಲ ಕಾಣುತ್ತಿದ್ದ. ಅವನ ದುರದೃಷ್ಟಕ್ಕೆ, ಹೋದ ಕ್ರಿಸ್ಮಸ್ಸಿನಲ್ಲಿ ಹಂದಿ ಸುಡುವ ಕಡೆ ನಿಂತಿರು ಅಂದರೆ, ಪಕ್ಕದ ಮನೆಯವರು ಕರೆದರೆಂದು ಅವರ ಹಂದಿ ತಿರುಗಿಸಲು ಹೋಗಿದ್ದ. ಅವರ ಹಂದಿ ಹೊಂಬಣ್ಣಕ್ಕೆ ತಿರುಗಿತು. ಇವರದು ಇದ್ದಿಲಾಯಿತು.

ಅತ್ತೆಯ ಬಳಿ ಹೋಗಿ ಲಾದೋ ಮೊಣಕಾಲೂರಿ ಕೂತ. "ಅಮ್ಮಾ, ನೀವೇ ಹೇಳಿ. ಯಾವ ತೀರಕ್ಕೆ ಹೋಗೋಣ?"

ಲೋಲಾ ಸಿಯೋನ್ ಕಿಟಕಿಯ ಕಡೆ ತಿರುಗಿ ತುಟಿ ಮುಂದಕ್ಕೆ ಚಾಚಿದಳು.

ನಮ್ಮಲ್ಲಿ ಏನನ್ನಾದರೂ ತೋರಿಸಬೇಕಾದರೆ ಬೆರಳು ಎತ್ತುವವರು ಕಡಿಮೆ. ಕೈಯಲ್ಲಿ ಮೀನೋ ಮಗುವೋ ಇರುತ್ತದೆ, ಬಿಡುವಾಗಿರುವುದು ತುಟಿ ಒಂದೇ. ಸಂತೆಗೆ ದಾರಿ, ಪಾದ್ರಿಯ ಮನೆ, ಸಾಲ ತೀರಿಸಲಾಗದವನು ಅಡಗಿ ಕೂತ ಜಾಗ, ಎಲ್ಲವನ್ನೂ ತುಟಿಯೇ ತೋರಿಸುತ್ತದೆ. ಗುಡ್ಡದ ಮೇಲಿನ ಊರಿನಿಂದ ಬಂದ ಲಾದೋನಿಗೂ ಆ ಭಾಷೆ ಬರುತ್ತಿತ್ತು. ಲೋಲಾಳ ತುಟಿಯ ನೇರಕ್ಕೆ ಅವನು ಕಿಟಕಿಯಾಚೆ ನೋಡಿದ. ಪಡುವಣ ದಿಕ್ಕು. ಅಂಗಳ, ತೆಂಗಿನ ಸಾಲು, ಅದರಾಚೆ ಬೆಳ್ಳಗೆ ಒಂದು ಗೆರೆ.

"ಕಬಾಲಾಸಾ ಅಮ್ಮಾ?"

ಲೋಲಾ ಇನ್ನೊಮ್ಮೆ ತುಟಿ ಚಾಚಿದಳು, ಈ ಸಲ ಜೋರಾಗಿ. ಮತ್ತೊಮ್ಮೆ ಚಾಚಿದಳು. ನಾಲ್ಕನೆಯ ಸಲ ಹುಬ್ಬೂ ಗಂಟಿಕ್ಕಿತು.

"ಅರ್ಥ ಆಯ್ತಮ್ಮಾ, ಅರ್ಥ ಆಯ್ತು. ಎಲ್ಲಾ ನಾನು ನೋಡ್ಕೋತೀನಿ," ಎಂದು ಲಾದೋ ಆಕೆಯ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು ಎದ್ದ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡೆನೆಂದು ಎದೆ ಉಬ್ಬಿತ್ತು. ಲೋಲಾ ಕಣ್ಣು ಮುಚ್ಚಿ ಜಪಮಾಲೆ ಎಣಿಸತೊಡಗಿದಳು. ಮಣಿಗಳು ಎಂದಿಗಿಂತ ಸ್ವಲ್ಪ ಬೇಗ ಸರಿಯುತ್ತಿದ್ದವು.

ಯಾರಿಗೂ ಹೇಳಬಾರದು, ಕೆಲಸ ಮಾಡಿ ತೋರಿಸಬೇಕು ಎಂದು ಲಾದೋ ತೀರ್ಮಾನಿಸಿದ. ಹಬ್ಬದ ಸಮಯದಲ್ಲಿ ತೀರದಲ್ಲಿ ಚಪ್ಪರ ಸಿಗುವುದು ಸುಲಭವಲ್ಲ. ಬಿದಿರಿನ ಬೆಂಚು, ಒಂದು ಮೇಜು, ಮೇಲೆ ತಾಳೆಗರಿ, ಅಷ್ಟೇ. ಆದರೆ ಅದಿಲ್ಲದೆ ಇಪ್ಪತ್ತೇಳು ಜನ ಎಲ್ಲಿ ಕೂರಬೇಕು? ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ, ಬೆಳಕು ಹರಿಯುವ ಮೊದಲೇ ಒಬ್ಬ ಹೋಗಿ, ಮೈಮೇಲಿನದು ಏನಾದರೊಂದನ್ನು ಗುರುತಿಗೆ ಇಟ್ಟು ಚಪ್ಪರ ಹಿಡಿಯಬೇಕು. ಈ ಮನೆಯ ಅಳಿಯನಾದ ಮೇಲೆ ಇದು ಅವನ ಮೊದಲ ಕಡಲೂಟ. ಅವನ ಗುಡ್ಡದ ಊರಿನಲ್ಲಿ ಶುಕ್ರವಾರ ಅತ್ತವರೆಲ್ಲ ಶನಿವಾರ ಬೆಳಗಾಗುತ್ತಲೇ ಹೊಳೆಗೆ ಬೀಳುತ್ತಿದ್ದರು. ಅಲ್ಲಿಯೂ ಒಳ್ಳೆಯ ಬಂಡೆ ಹಿಡಿಯುವ ಕೆಲಸ ಅವನದೇ ಆಗಿತ್ತು.

ಮೊದಲ ಕೋಳಿ ಕೂಗುವ ಹೊತ್ತಿಗೆ ಎದ್ದು, "ಹಿಡಿಯೋಕೆ ಹೋಗ್ತಿದೀನಿ ಕಣೇ," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ಸಿತಾಂಗ್ ನಿದ್ದೆಯಲ್ಲೇ "ಹೂಂ" ಅಂದಳು. ಆ ಬೆಳಿಗ್ಗೆ ಕೋಳಿ ಕೂಗಿದ್ದು ಪಕ್ಕದ ಮನೆಯದು, ತಮ್ಮ ಮನೆಯದಲ್ಲ ಎಂಬುದನ್ನು ಲಾದೋ ಗಮನಿಸಲಿಲ್ಲ.

ಕಬಾಲಾಸ್‌ನಲ್ಲಿ ಆಗಲೇ ಜನ ಸೇರಿದ್ದರು. ಚಪ್ಪರಗಳ ಯಜಮಾನ ತಿಬೋ ಹಲ್ಲುಜ್ಜುತ್ತ ನಿಂತಿದ್ದ.

"ಮಾನೋಯ್ ತಿಬೋ, ಒಂದು ಚಪ್ಪರ ಬೇಕಲ್ಲಾ," ಎಂದು ಲಾದೋ ಅವನನ್ನು ಅಣ್ಣನೆಂದು ಕರೆದು ಕೇಳಿದ.

"ಕೊನೇದೊಂದಿದೆ ತಮ್ಮಾ. ಯಾರಿಗೆ?"

"ಲೋಲಾ ಸಿಯೋನ್ ಮನೆಯೋರಿಗೆ."

ತಿಬೋ ಬಾಯಿಂದ ಬ್ರಶ್ಶು ತೆಗೆದ. ಆ ಕರಾವಳಿಯ ಅರ್ಧ ಜನರನ್ನು ಭೂಮಿಗೆ ಎಳೆದು ತಂದ ಸೂಲಗಿತ್ತಿ ಲೋಲಾ ಸಿಯೋನ್. ತಿಬೋ ಕಾಲು ಮುಂದಾಗಿ ಹುಟ್ಟಿದವನು, ಅದನ್ನು ಲೋಲಾ ಇವತ್ತಿಗೂ ಸಂತೆಯಲ್ಲಿ ಹೇಳುತ್ತಿದ್ದಳು. "ಲೋಲಾ ಬರ್ತಾರಾ? ಇವತ್ತು?" ಎಂದು ಅವನು ಹುಬ್ಬೇರಿಸಿದ.

"ಯಾಕೆ, ಗಟ್ಟಿಮುಟ್ಟಾಗೇ ಇದಾರೆ."

"ಗಟ್ಟಿ ಇರೋದು ನನಗೂ ಗೊತ್ತು," ಎಂದು ತಿಬೋ ಮತ್ತೆ ಬ್ರಶ್ಶನ್ನು ಬಾಯಿಗೆ ತುರುಕಿದ.

ಲಾದೋ ತನ್ನ ರಬ್ಬರ್ ಚಪ್ಪಲಿ ಕಳಚಿ ಮೇಜಿನ ಮೇಲೆ ಗುರುತಿಗಿಟ್ಟು, ಬೆಂಚಿನ ನಟ್ಟನಡುವೆ ಕೂತ. ಇವತ್ತು ಭೂಮಿ ನಡುಗಿದರೂ ಇಲ್ಲಿಂದ ಏಳುವವನಲ್ಲ ಎಂದು ಶಪಥ ಮಾಡಿದ. ಸೂರ್ಯ ಏರಿದಂತೆ ಮರಳು ಬೆಳಗತೊಡಗಿತು. ನೀರು ದಡದ ಹತ್ತಿರ ಎಳನೀರಿನಂತೆ, ದೂರದಲ್ಲಿ ನೀಲಿಯ ಮಸಿಯಂತೆ ಕಾಣುತ್ತಿತ್ತು. ಪಟ್ಟಣದವರು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಲಾದೋ ಅದಕ್ಕೆ ಬೆನ್ನು ಹಾಕಿ ರಸ್ತೆ ನೋಡುತ್ತಿದ್ದ.

ಏಳು ಗಂಟೆಗೆ ಓರ್ಯಾಂಗ್ ಎಂಬ ದಪ್ಪ ಹೆಂಗಸು ಬಂದಳು. ಅವಳ ಹಿಂದೆ ಹದಿನಾರು ಜನ.

"ತಮ್ಮಾ, ಈ ಪಾತ್ರೆ ಒಂದು ಇಲ್ಲಿ ನೆರಳಲ್ಲಿಡ್ತೀನಿ. ತೆಂಗಿನಹಾಲಿನ ಪಾಯಸ, ಬಿಸಿಲಿಗೆ ಹುಳಿ ಹಿಡಿಯುತ್ತೆ."

"ಇಡಿ ಮಾನಾ, ಅದಕ್ಕೇನು," ಎಂದ ಲಾದೋ, ಅಕ್ಕನಿಗೆ ಹೇಳುವ ಹಾಗೆ.

ಪಾತ್ರೆಯನ್ನು ಕಾಯಲು ಓರ್ಯಾಂಗಳ ಅತ್ತೆ ಕೂತಳು. ಅತ್ತೆಗೆ ಗಾಳಿ ಬೀಸಲು ಸೊಸೆ ಕೂತಳು. ಸೊಸೆಯ ಕೂಸು ಅಳಲು ತೊಡಗಿತು, ಅದನ್ನು ಲಾದೋನ ತೊಡೆಗೆ ದಾಟಿಸಿದರು. ಕೂಸು ಮಲಗಲು ಜಾಗ ಬೇಕೆಂದು ಲಾದೋನನ್ನು ಬೆಂಚಿನ ತುದಿಗೆ ಸರಿಸಿದರು. ಯಾರೂ ಗದರಲಿಲ್ಲ, ಯಾರೂ ತಳ್ಳಲಿಲ್ಲ. ಎಲ್ಲರೂ "ನೀನು ಬಲು ಒಳ್ಳೇವನಪ್ಪಾ" ಅನ್ನುತ್ತಲೇ ಇದ್ದರು. ಒಂಬತ್ತೂವರೆಗೆ ಚಪ್ಪರದೊಳಗೆ ಹದಿನೇಳು ಜನ, ಎರಡು ಒಲೆ, ಒಂದು ಗಿಟಾರು. ಹೊರಗೆ ಬಿಸಿಲಲ್ಲಿ ಒಂಟಿ ಲಾದೋ, ತಾನು ಹಿಡಿದ ಚಪ್ಪರವನ್ನು ಕಾಯುತ್ತ ನಿಂತಿದ್ದ.

"ಬಾ ತಮ್ಮಾ, ಊಟ ಮಾಡು," ಎಂದು ಒಳಗಿಂದ ಕರೆದರು.

"ಆಯ್ತು ಮಾನಾ, ಈಗ ತಾನೇ ಆಯ್ತು," ಅಂದ ಲಾದೋ. ಕರೆಯುವುದು ಅವರ ಮರ್ಯಾದೆ, ಒಲ್ಲೆನ್ನುವುದು ಇವನ ಮರ್ಯಾದೆ. ಮೂರು ಸಲ ಕರೆದರೆ ಹೋಗಬಹುದು. ಅವರು ಎರಡೇ ಸಲ ಕರೆದರು. ಸುಡುವ ಮೀನಿನ ವಾಸನೆ ಮಾತ್ರ ಇವನನ್ನು ಬಿಡದೆ ಕರೆಯಿತು.

ಹನ್ನೊಂದಾಯಿತು. ರಸ್ತೆಯಲ್ಲಿ ಮನೆಯವರ ಸುಳಿವಿಲ್ಲ.

"ಅಲ್ಲಾ, ನಿಮ್ಮೋರು ಇಲ್ಲಿಗೇ ಬರ್ತೀವಿ ಅಂದಿದ್ರಾ?" ಎಂದು ಓರ್ಯಾಂಗ್ ಮೀನಿನ ಮುಳ್ಳು ಉಗುಳುತ್ತ ಕೇಳಿದಳು.

"ಅನ್ನಲಿಲ್ಲ. ತುಟಿ ತೋರಿಸಿದ್ರು."

ಗಿಟಾರು ನಿಂತಿತು. ಇದು ಎಲ್ಲರಿಗೂ ಸಂಬಂಧಪಟ್ಟ ವಿಷಯ.

"ಎಲ್ಲಿ, ಕೂತ್ಕೊಂಡು ಸರಿಯಾಗಿ ಹೇಳು," ಎಂದಳು ಓರ್ಯಾಂಗ್. ಬೆಳಗಿನಿಂದ ಮೊದಲ ಸಲ ಲಾದೋನಿಗೆ ಕೂರಲು ಜಾಗ ಸಿಕ್ಕಿತು. ಅವನು ಕಡ್ಡಿಯಿಂದ ಮರಳಿನ ಮೇಲೆ ಮನೆ ಬರೆದ, ಕಿಟಕಿ ಬರೆದ, ಬೆತ್ತದ ಕುರ್ಚಿ ಬರೆದ. ಅತ್ತೆಯ ತುಟಿಗೆಂದು ಒಂದು ಚಿಪ್ಪು ಇಟ್ಟ.

"ಎರಡೂ ತುಟಿನಾ, ಬರೀ ಕೆಳತುಟಿನಾ?" ಎಂದ ಗಿಟಾರಿನವನು.

"ಎರಡೂ."

"ಎಷ್ಟು ಸಲ?"

"ನಾಲ್ಕು ಸಲ."

"ನಾಲ್ಕು ಸಲ!" ಓರ್ಯಾಂಗ್ ತೊಡೆ ತಟ್ಟಿದಳು. "ನಮ್ಮೆದುರಿಗಿರೋದನ್ನ ತೋರಿಸೋಕೆ ಯಾರಾದ್ರೂ ನಾಲ್ಕು ಸಲ ತುಟಿ ಚಾಚ್ತಾರಾ? ಒಂದು ಸಲ ಚಾಚಿದ್ರೆ ಅಂಗಳ. ಎರಡು ಅಂದ್ರೆ ಬೀದಿ. ನಾಲ್ಕು ಅಂದ್ರೆ ಇನ್ನೂ ಮುಂದೆ ಹೋಗು ಅಂತ. ಅದು ತಲಿಸಾಯ್!"

"ಹುಬ್ಬು ಹೇಗಿತ್ತು?" ಎಂದಳು ಓರ್ಯಾಂಗಳ ಅತ್ತೆ.

"ಗಂಟಿಕ್ಕಿತ್ತು."

"ಮತ್ತೆ ಕಣ್ಣು?"

"ಕೆಂಡ ಇದ್ದಹಾಗಿತ್ತು."

"ಸಿಟ್ಟು ಬಂದಿತ್ತೇನೋ," ಎಂದಳು ಆ ಮುದುಕಿ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನಾರು ಜನ ಒಟ್ಟಾಗಿ ತಲಿಸಾಯ್ ಕಡೆಗೆ ತುಟಿ ಚಾಚಿದರು.

ಲಾದೋ ತಿಬೋನ ಬಳಿ ಓಡಿದ. "ಮಾನೋಯ್, ಒಂದು ವೇಳೆ ನಮ್ಮೋರು ಇಲ್ಲಿಗೇ ಬಂದ್ರೆ? ಯಾವಾಗ ಬಂದ್ರೂ ಈ ಚಪ್ಪರ ಅವರಿಗೇ ಇಟ್ಟಿರಿ. ನನ್ನ ಚಪ್ಪಲಿ ಅಲ್ಲೇ ಇರಲಿ."

"ಲೋಲಾ ಯಾವಾಗ ಬರ್ತಾರೆ ಅಂತ ನನಗೆ ಗೊತ್ತಪ್ಪಾ," ಎಂದು ತಿಬೋ ನಕ್ಕ. "ಇಟ್ಟಿರ್ತೀನಿ, ಹೋಗು."

ಬರಿಗಾಲಲ್ಲಿ ದಡದುದ್ದಕ್ಕೂ ನಡೆದು ಲಾದೋ ತಲಿಸಾಯ್ ಮುಟ್ಟಿದ. ಅಲ್ಲಿಯ ಮರಳು ಕಪ್ಪಲ್ಲವೆ, ನಡುಹಗಲಿಗೆ ಹೆಂಚಾಗಿತ್ತು. ಅದರ ಮೇಲೆ ಅವನು ನಡೆಯುತ್ತಿದ್ದ ರೀತಿ ಕಂಡು ಪಟ್ಟಣದ ಮಕ್ಕಳು ಇದು ಈ ಕಡೆಯ ಕುಣಿತ ಎಂದು ಚಪ್ಪಾಳೆ ತಟ್ಟಿದರು. ಬಾದಾಮಿ ಮರಗಳ ಅಗಲ ಎಲೆಯ ನೆರಳಲ್ಲಿ ಸಂಸಾರಗಳೆಲ್ಲ ಊಟ ಮುಗಿಸಿ ಸಾಲಾಗಿ ಮಲಗಿದ್ದವು. ಇಪ್ಪತ್ತೇಳು ಜನರ ಗುಂಪು ಎಲ್ಲೂ ಕಾಣಲಿಲ್ಲ.

"ಇನ್ನೂ ಬಂದಿಲ್ಲ ಅಷ್ಟೇ," ಎಂದು ತನಗೆ ತಾನೇ ಹೇಳಿಕೊಂಡು, ಅಲ್ಲಿಯ ಚಪ್ಪರಗಳ ಒಡತಿ ಸೇಲಿಂಗಳನ್ನು ಹುಡುಕಿದ. ಅವಳಿಗೆ ಐದು ಮಕ್ಕಳು, ಐದನ್ನೂ ಹಿಡಿದದ್ದು ಲೋಲಾ ಸಿಯೋನಳ ಕೈ. ಕೇಳಿದ್ದೇ ತಡ, ಕೊನೆಯ ಚಪ್ಪರದಿಂದ ತನ್ನ ಮೇಕೆಯನ್ನು ಬಿಚ್ಚಿ ಹೊರಗೆ ಕಟ್ಟಿದಳು. "ಲೋಲಾಗೆ ಅಂದ್ರೆ ಇಲ್ಲ ಅನ್ನೋಕಾಗುತ್ತಾ? ಗುರುತಿಗೆ ಏನಾದ್ರೂ ಇಡು."

ಇಡಲು ಚಪ್ಪಲಿ ಇರಲಿಲ್ಲ. ಲಾದೋ ಅಂಗಿ ಬಿಚ್ಚಿ ಕಂಬಕ್ಕೆ ತೂಗುಹಾಕಿದ. ಬೆಂಚಿನ ಮೇಲೆ ನೆಟ್ಟಗೆ ಕೂತು ರಸ್ತೆಯ ಕಡೆ ನೋಡತೊಡಗಿದ. ಹೊಟ್ಟೆ ಖಾಲಿ, ಗಾಳಿ ತಂಪು. ನೋಡುತ್ತ ನೋಡುತ್ತ ರಸ್ತೆ ಮಸುಕಾಯಿತು. ಕನಸಿನಲ್ಲಿ ಅವನು ಮೂರುಗಾಲಿ ಓಡಿಸುತ್ತಿದ್ದ, ತೊಟ್ಟಿಲಲ್ಲಿ ಪಾದ್ರಿ ಕೂತು "ಇನ್ನೂ ಜೋರಾಗಿ ಹೊಡಿಯಪ್ಪಾ" ಅನ್ನುತ್ತಿದ್ದ. ಎಚ್ಚರವಾದಾಗ ಮೂರು ಗಂಟೆ. ಮೇಕೆ ಅವನ ಅಂಗಿಯ ಬಲತೋಳನ್ನು ಮುಗಿಸಿ ಕಾಲರಿಗೆ ಬಾಯಿ ಹಾಕಿತ್ತು.

"ಅಯ್ಯೋ, ಉಗಿಯೇ, ಉಗಿಯೇ!" ಎಂದು ಸೇಲಿಂಗ್ ಮೇಕೆಗೆ ಹೇಳಿದಳು. ಮೇಕೆ ನುಂಗಿತು.

"ಹೋಗ್ಲಿ ಬಿಡಿ ಮಾನಾ, ಉಳಿದದ್ದೇ ಗುರುತಿಗೆ ಸಾಕು," ಎಂದ ಲಾದೋ. ಅವನ ಕಣ್ಣ ಮುಂದೆ ಆಗಲೇ ಚಿತ್ರ ಕಟ್ಟಿತ್ತು. ಮನೆಯವರು ಎಲ್ಲೋ ಒಂದು ಕಡೆ ಬಿಸಿಲಲ್ಲಿ ಹಂಡೆ ಹೊತ್ತು ನಿಂತಿದ್ದಾರೆ, ಗೋರಿಯೋ "ನಾನು ಮೊದಲೇ ಹೇಳಲಿಲ್ವಾ ಅಮ್ಮಾ" ಅನ್ನುತ್ತಿದ್ದಾನೆ, ಕೀಲಿಕೈ ಶಿಲುಬೆಯ ಪಕ್ಕದಿಂದ ಗೋರಿಯೋನ ಜೇಬಿಗೆ ಇಳಿಯುತ್ತಿದೆ. ಉಳಿದದ್ದು ಇನ್ನೊಂದೇ ತೀರ. ಅತ್ತೆಗೆ ಕಿರಿಮಗಳ ಮೇಲೆ ಪ್ರೀತಿ ಹೆಚ್ಚು. ಬಾಲುದ್! ಮೊದಲೇ ಯಾಕೆ ಹೊಳೆಯಲಿಲ್ಲ?

ಬಾಲುದ್‌ಗೆ ಹೋಗಬೇಕಾದರೆ ಭೂಶಿರ ಸುತ್ತಬೇಕು. ಬಾದೋಂಗ್ ಎಂಬ ಮುದುಕ ದೋಣಿ ನೀರಿಗಿಳಿಸುತ್ತಿದ್ದ.

"ಹತ್ತು, ಹತ್ತು. ದೋಣಿ ಸ್ವಲ್ಪ ಸೋರುತ್ತೆ, ನೀರು ಮೊಗೆದು ಹಾಕ್ತಾ ಕೂತಿರು."

ಸ್ವಲ್ಪ ಅಂದದ್ದು ಬಾದೋಂಗನ ಸಂಕೋಚ. ದಾರಿಯುದ್ದಕ್ಕೂ ಲಾದೋ ಅರ್ಧ ಕಡಲನ್ನು ತೆಂಗಿನ ಚಿಪ್ಪಿನಲ್ಲಿ ಕಡಲಿಗೇ ಎತ್ತಿ ಸುರಿದ. ಭೂಶಿರದ ಹವಳದ ತೋಟ ನೋಡಲು ಜನ ಕನ್ನಡಕ ಕಟ್ಟಿಕೊಂಡು ನೀರಿಗೆ ಇಳಿಯುತ್ತಾರೆ. ಅದು ಕೆಳಗೆ ಹಾದುಹೋದದ್ದು ಇವನಿಗೆ ಗೊತ್ತಾಗಲೇ ಇಲ್ಲ.

ಬಾಲುದ್‌ನಲ್ಲಿ ಎರಡೇ ಚಪ್ಪರ. ಒಂದರಲ್ಲಿ ಹೊಸ ಜೋಡಿಯೊಂದು ಕೂತಿತ್ತು. ಖಾಲಿ ಇದ್ದದ್ದು ಇನ್ನೊಂದು, ಅದೂ ಬಾದೋಂಗನದೇ ಎಂದು ದಡ ಸೇರಿದ ಮೇಲೆ ತಿಳಿಯಿತು. "ಸಿಯೋನಳಿಗಾ? ನನ್ನ ಹೆಂಡತೀನ ಎರಡು ಸಲ ಉಳಿಸಿದೋಳು ಅವಳು. ಯಾವತ್ತು ಬಂದ್ರೂ ಅವಳದೇ," ಎಂದ ಮುದುಕ. ಲಾದೋ ತಲೆಯ ಮೇಲಿನ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಇನ್ನು ಇಡಲು ಅವನ ಬಳಿ ಚಡ್ಡಿಯೊಂದೇ ಉಳಿದಿತ್ತು, ದೇವರ ದಯದಿಂದ ದ್ವೀಪದಲ್ಲಿ ನಾಲ್ಕನೆಯ ತೀರ ಇರಲಿಲ್ಲ.

ಸೂರ್ಯ ಎರಡು ಬಂಡೆಗಳ ನಡುವೆ ಇಳಿಯಿತು. ಹೊಸ ಜೋಡಿ ಕೈಕೈ ಹಿಡಿದು ನೋಡಿತು. ನೀರೆಲ್ಲ ಕಿತ್ತಳೆ ಹಣ್ಣಿನ ರಸವಾಯಿತು. ಲಾದೋ ರಸ್ತೆ ನೋಡಿದ, ಕತ್ತಲಾಗುವುದು ಕಂಡಿತು, ತೆಂಗಿನ ತೋಟದ ಒಳದಾರಿ ಹಿಡಿದು ಮನೆಗೆ ಓಡಿದ.

ಮನೆಯಂಗಳದಲ್ಲಿ ಎಲ್ಲರೂ ಇದ್ದರು. ಬಟ್ಟೆ ಒದ್ದೆಯಾಗಿರಲಿಲ್ಲ, ಕಾಲಿನಲ್ಲಿ ಮರಳಿರಲಿಲ್ಲ. ಚೋಲೆಂಗ್ ಬಾಳೆಲೆಯಲ್ಲಿ ಅಂಟಕ್ಕಿ ಕಡುಬು ಕಟ್ಟುತ್ತ ಕೂತಿದ್ದಳು. ಲೋಲಾ ಸಿಯೋನ್ ಬೆತ್ತದ ಕುರ್ಚಿಯನ್ನು ಅಂಗಳಕ್ಕೆ ತರಿಸಿಕೊಂಡು ಜಪಮಾಲೆ ಹಿಡಿದಿದ್ದಳು, ಬಾಯಿ ಇನ್ನೂ ಬಿಗಿದಿತ್ತು. ಸಿತಾಂಗ್ ಗಂಡನನ್ನು ನೋಡಿ ಎದ್ದು ಬಂದಳು. ಕಣ್ಣಲ್ಲಿ ಅಭಿಮಾನ ತುಂಬಿತ್ತು.

"ಬೆಳಗಿನಿಂದ ಹುಡುಕಿದ್ರಾ? ಅಮ್ಮನ ಮುಂದೆ ಹೇಳ್ದೆ, ಯಾರೂ ಹೇಳದೇನೇ ಎದ್ದು ಹೋಗಿದಾರೆ, ಹಿಡಿಯೋಕೆ ಹೋಗ್ತೀನಿ ಅಂತ ನನ್ನ ಕಿವೀಲಿ ಹೇಳೇ ಹೋದ್ರು ಅಂತ. ಸಿಕ್ಕಿದ್ವಾ?"

"ಏನು ಸಿಕ್ಕಿದ್ವಾ?"

"ಕೋಳಿಗಳು!"

"ಯಾವ ಕೋಳಿ?" ಎಂದ ಲಾದೋ.

ಅಷ್ಟರಲ್ಲಿ ಪಕ್ಕದ ಮನೆಯವರ ಮೋಟಾರ್ ಸೈಕಲ್ಲಿನ ಮೇಲೆ ಗೋರಿಯೋ ಧೂಳೆಬ್ಬಿಸುತ್ತ ಬಂದ. ಇಳಿಯುವ ಮೊದಲೇ ಶುರುಮಾಡಿದ: "ಮುಗೀತು! ನಾಳೆ ಎಲ್ಲರೂ ಮನೇಲೇ ಕೂತು ಹಂದಿ ತಿನ್ನಿ! ಇಡೀ ಕರಾವಳೀಲಿ ಒಂದು ಚಪ್ಪರ ಇಲ್ಲ. ಕಬಾಲಾಸ್‌ನಲ್ಲಿ ಕೊನೇದನ್ನ ಯಾವನೋ ಹಿಡಿದಿದಾನಂತೆ. ಯಾರ ಹೆಸರಲ್ಲಿ ಗೊತ್ತಾ? ನಮ್ಮ ಅಮ್ಮನ ಹೆಸರಲ್ಲಿ! ನಾನೇ ಅವರ ಅಳಿಯ ಕಣಯ್ಯಾ ಅಂದ್ರೆ ಆ ತಿಬೋ ನಗ್ತಾನೆ. 'ಬೆಳಗಿಂದ ನೀನು ಎರಡನೇ ಅಳಿಯ, ಮೂರನೆಯೋನು ಎಷ್ಟೊತ್ತಿಗೆ ಬರ್ತಾನೆ?' ಅಂತಾನೆ. ತಲಿಸಾಯ್‌ಗೆ ಹೋದೆ, ಅಲ್ಲೂ ಅದೇ. ಬಾಲುದ್‌ನಲ್ಲೂ ಅದೇ! ಯಾವನೋ ಕಳ್ಳ ಮೂರು ಕಡೇನೂ ಗುರುತು ಇಟ್ಟು ಹೋಗಿದಾನೆ. ಒಂದು ಕಡೆ ರಬ್ಬರ್ ಚಪ್ಪಲಿ. ಒಂದು ಕಡೆ ಅಂಗಿ, ಅದರಲ್ಲಿ ಅರ್ಧ ಮೇಕೆ ತಿಂದಿದೆ. ಇನ್ನೊಂದು ಕಡೆ ಟೋಪಿ..."

ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಅಂಗಳದಲ್ಲಿದ್ದ ಇಪ್ಪತ್ತೈದು ತಲೆಗಳೂ ಲಾದೋನ ಕಡೆ ತಿರುಗಿದವು. ಬರಿಗಾಲು. ಬರಿಮೈ, ಬೆಂದ ಏಡಿಯ ಬಣ್ಣ. ಬರಿತಲೆ.

ಆಗಲೇ ಚರ್ಚಿನ ಗಂಟೆ ಬಾರಿಸಿತು. ಎರಡು ದಿನ ಮೂಕವಾಗಿದ್ದ ಗಂಟೆ ಈಗ ಒಂದೇ ಸಮನೆ ಬಡಿದುಕೊಂಡಿತು. ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡು ಲೋಲಾಳ ಬಾಯನ್ನೇ ನೋಡಿದರು. ವ್ರತ ಮುಗಿದ ಮೇಲೆ ಆಕೆಯ ಮೊದಲ ಮಾತು ಆ ಮನೆಗೆ ವರ್ಷದ ಭವಿಷ್ಯ ಇದ್ದಂತೆ.

ಲೋಲಾ ಗಂಟಲು ಸರಿಮಾಡಿಕೊಂಡಳು.

"ಕೋಳಿಗೂಡು," ಅಂದಳು.

ಯಾರಿಗೂ ಅರ್ಥವಾಗಲಿಲ್ಲ.

"ಕಿಟಕಿ ಹೊರಗೆ ಕೋಳಿಗೂಡು. ಬಾಗಿಲು ತೆರೆದಿತ್ತು. ಹಾಕು ಅಂತ ತುಟಿ ಚಾಚಿದೆ. ಒಂದಲ್ಲ, ಎರಡಲ್ಲ, ನಾಲ್ಕು ಸಲ! ತುಟಿ ನೋವು ಬಂತು. 'ಅರ್ಥ ಆಯ್ತಮ್ಮಾ, ನಾನು ನೋಡ್ಕೋತೀನಿ' ಅಂತ ಕೈ ಮುಟ್ಟಿಸ್ಕೊಂಡು ಹೋದ ಈ ಮಹಾರಾಯ. ಹುಂಜ ಹೋಯ್ತು, ಎರಡು ಹೇಂಟೆ ಹೋಯ್ತು. ಕಾಡುಬೆಕ್ಕು ನನ್ನ ಕಣ್ಣೆದುರೇ ಹೊತ್ಕೊಂಡು ಹೋಯ್ತು, ಕೂಗೋಣ ಅಂದ್ರೆ ವ್ರತ!" ಲೋಲಾ ಉಸಿರು ಎಳೆದುಕೊಂಡಳು. "ಮತ್ತೆ ಸ್ವಾಮಿ ಸಮಾಧಿಯೊಳಗಿರುವಾಗ ಕಡಲಿಗೆ ಬೀಳೋ ಮನೆಯೇನೋ ಇದು? ಕಡಲೂಟ ನಾಳೆ ಕಣೋ, ಭಾನುವಾರ! ಸ್ವಾಮಿ ಎದ್ದ ಮೇಲೆ!"

ಅಂಗಳ ಗೊಳ್ಳೆಂದಿತು. ಎರಡು ದಿನ ತಡೆದಿಟ್ಟ ನಗೆಯೆಲ್ಲ ಒಂದೇ ಸಲಕ್ಕೆ ಕಟ್ಟೆಯೊಡೆಯಿತು. ಗೋರಿಯೋ ನಕ್ಕೂ ನಕ್ಕೂ ಮೋಟಾರ್ ಸೈಕಲ್ಲಿನ ಮೇಲೆ ಒರಗಿದ. ಸಿತಾಂಗ್ ಮಾತ್ರ ಸೆರಗಿನಂತೆ ಹೊದ್ದಿದ್ದ ಬಟ್ಟೆಯನ್ನು ತೆಗೆದು ಗಂಡನ ಹೆಗಲಿಗೆ ಹಾಕಿ, ಅಕ್ಕನ ಕಡೆ ತಿರುಗಿದಳು.

"ನಗ್ತೀರಲ್ಲಾ? ಯಾರಿಗೂ ಒಂದು ಚಪ್ಪರ ಸಿಗದೇ ಇರೋ ಹೊತ್ತಲ್ಲಿ ನಮಗೆ ಮೂರು ಇದೆ. ತಂದೋರು ಯಾರು?"

ನಗೆ ನಿಂತಿತು. ಅದು ನಿಜವೇ ಆಗಿತ್ತು. ಗೋರಿಯೋನ ಮುಖ ಮೊದಲು ಅರಳಿತು: "ಹಾಗಾದ್ರೆ ಕಬಾಲಾಸ್!" ಚೋಲೆಂಗ್ ಕಡುಬು ಎತ್ತಿ ತೋರಿಸಿದಳು: "ನೀವು ಹೋಗಿ ಒಣಗಿ. ನಾನೂ ಮಕ್ಕಳೂ ತಲಿಸಾಯ್‌ಗೆ." ಸಿತಾಂಗ್ ನೆಲ ನೋಡಿ ನಕ್ಕಳು. ಇಪ್ಪತ್ತೇಳು ಜನ ಕ್ಷಣದಲ್ಲಿ ಮೂರು ಪಾಲಾದರು. ಆ ಮನೆಯಲ್ಲಿ ಕಡಲೂಟದ ಜಗಳ ಮೊದಲ ಸಲ ಮುಗಿದೇ ಹೋಯಿತು.

ಲೋಲಾ ಸಿಯೋನ್ ಲಾದೋನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈ ಕೊರಳಿಗೆ ಒಯ್ದು ದಾರ ಬಿಚ್ಚಿದಳು. ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟಳು.

ಲಾದೋ ಅದನ್ನು ಬಿಗಿಯಾಗಿ ಹಿಡಿದುಕೊಂಡ. ಬೆಂದ ಬೆನ್ನು, ಸುಟ್ಟ ಪಾದ, ಖಾಲಿ ಹೊಟ್ಟೆ ಎಲ್ಲ ಮರೆತುಹೋಯಿತು. ಗೋರಿಯೋ ನುಂಗಿದ ಉಗುಳು ಅಂಗಳಕ್ಕೆಲ್ಲ ಕೇಳಿಸಿತು.

"ಮೂರು ತೀರ ಅಂದ್ರೆ ಜನಾನ ಹಂಚೋಕೆ ಗಾಡಿ ಬೇಕಲ್ಲಾ," ಎಂದಳು ಲೋಲಾ. "ಬೆಳಗಿನ ಪೂಜೆ ಮುಗಿದ ಕೂಡ್ಲೇ ಹೊರಡು. ಮೊದಲು ಕಬಾಲಾಸ್‌ನೋರು, ಆಮೇಲೆ ತಲಿಸಾಯ್‌ನೋರು, ಆಮೇಲೆ ಬಾಲುದ್. ಹಂದಿ ಒಂದೇ ಇರೋದು, ಅದನ್ನ ಮೂರು ಕಡೆಗೂ ತಿರುಗಿಸು. ಅನ್ನದ ಹಂಡೆನೂ ಒಂದೇ. ನಾನು ಮೂರೂ ಕಡೆ ಒಂದೊಂದು ಗಳಿಗೆ ಕೂತಿರ್ತೀನಿ, ಯಾರಿಗೂ ಬೇಜಾರಾಗಬಾರದು."

ಈಸ್ಟರ್ ಭಾನುವಾರ ನಮ್ಮ ಕಡಲತೀರಗಳು ಮದುವೆಮನೆಯ ಹಾಗಿದ್ದವು. ಕಬಾಲಾಸ್‌ನ ಬಿಳಿ ಮರಳಲ್ಲಿ ಗೋರಿಯೋ ಕುತ್ತಿಗೆವರೆಗೆ ಹೂತುಕೊಂಡು ಮಲಗಿದ. ತಲಿಸಾಯ್‌ನ ನೆರಳಲ್ಲಿ ಚೋಲೆಂಗ್ ಗೊರಕೆ ಹೊಡೆದಳು. ಬಾಲುದ್‌ನ ಬಂಡೆಯ ಮೇಲೆ ಸಿತಾಂಗ್ ಕಾಲು ಇಳಿಬಿಟ್ಟು ಸೂರ್ಯ ಮುಳುಗುವುದನ್ನು ನೋಡಿದಳು, ಒಬ್ಬಳೇ. ಲಾದೋ ಆ ದಿನ ಹದಿನೇಳು ಸಲ ಕರಾವಳಿಯ ಉದ್ದಕ್ಕೂ ಹೋಗಿಬಂದ. ತೊಟ್ಟಿಲಲ್ಲಿ ಒಮ್ಮೆ ಅರ್ಧ ಹಂದಿ, ಒಮ್ಮೆ ಎಂಟು ಮಕ್ಕಳು, ಒಮ್ಮೆ ಮರೆತುಬಂದ ಉಪ್ಪಿನ ಡಬ್ಬಿ. ಎರಡು ದಿನ ಮೂರು ತೀರ ಅಲೆದರೂ ಕಡಲಲ್ಲಿ ಒಂದು ಮುಳುಗು ಹಾಕಲು ಅವನಿಗೆ ಬಿಡುವಾಗಲಿಲ್ಲ.

ಸಂಜೆ ಕೊನೆಯ ಸವಾರಿಯಲ್ಲಿ ಲೋಲಾಳನ್ನು ಮನೆಗೆ ತಂದು ಇಳಿಸಿದ. ದಾರಿಯಲ್ಲಿ ತಿನ್ನಲೆಂದು ಚೋಲೆಂಗ್ ಕೊಟ್ಟ ಕಡುಬನ್ನು ಆಕೆ ಬಾಯಿ ತುಂಬ ತುಂಬಿಕೊಂಡಿದ್ದಳು. ಲಾದೋ ಗಾಡಿಯನ್ನು ಒರೆಸಿ, ಕೀಲಿಕೈಯನ್ನು ಅಂಗೈಯಲ್ಲಿ ಹಿಡಿದು, ಧೈರ್ಯ ಮಾಡಿ ಆಕೆಯ ಮುಂದೆ ನಿಂತ.

"ಅಮ್ಮಾ, ಈ ಕೀಲಿ... ಇನ್ನು ನನ್ನ ಹತ್ರಾನೇ ಇರಲಾ?"

ಲೋಲಾಳ ಬಾಯಿ ಕಡುಬಿನಿಂದ ಬಿಡುವಾಗಿರಲಿಲ್ಲ. ತುಟಿ ಮುಂದಕ್ಕೆ ಚಾಚಿದಳು.

ಲಾದೋ ಈ ಸಲ ಕಬಾಲಾಸ್ ಕಡೆ ನೋಡಲಿಲ್ಲ. ತೆಂಗಿನ ಸಾಲನ್ನೂ ನೋಡಲಿಲ್ಲ. ತುಟಿಯ ನೇರಕ್ಕೆ, ಅಂಗಳದ ಮೂಲೆಗೆ ನೋಡಿದ. ಕೋಳಿಗೂಡಿನ ಬಾಗಿಲು ಹಾರುಹೊಡೆದಿತ್ತು.

ಒಂದೇ ಸಲಕ್ಕೆ ಅರ್ಥವಾಯಿತು! ಅವನು ಕೀಲಿಕೈಯನ್ನು ಗಾಡಿಯ ಸೀಟಿನ ಮೇಲಿಟ್ಟು ಓಡಿಹೋದ. ಉಳಿದ ಎರಡು ಹೇಂಟೆಗಳನ್ನು ಅಟ್ಟಿ ಒಳಗೆ ಸೇರಿಸಿ, ಬಾಗಿಲು ಹಾಕಿ, ಅಗುಳಿ ಎಳೆದು, ಭದ್ರವಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿ, ಗೆದ್ದವನಂತೆ ತಿರುಗಿ ಬಂದ.

ಲೋಲಾ ಸಿಯೋನ್ ಬೆತ್ತದ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ್ದಳು. ಆಕೆಯ ಕೊರಳಿನಲ್ಲಿ, ಶಿಲುಬೆಯ ಪಕ್ಕದಲ್ಲಿ, ಕೀಲಿಕೈ ಉಸಿರಿನ ಜೊತೆ ಮೆಲ್ಲಗೆ ಏರಿ ಇಳಿಯುತ್ತಿತ್ತು.